ಒಂದೇ ಥರ ಕಾಣುವ ಎರಡು ಅತ್ತರು

ಕಿತ್ತಳೆ, ಲಿಂಬೆಯ ಜೊತೆ ಲವಂಗ, ದಾಲ್ಚಿನ್ನಿ ಬೆರೆತ ಎರಡು ಸುಗಂಧಗಳನ್ನು ಮುಚ್ಚಳ ತೆಗೆದು ಮೂಸಿದರೆ ಬಹುಮಟ್ಟಿಗೆ ಒಂದೇ ಅನ್ನಿಸುತ್ತವೆ. ಇದಕ್ಕೆ ಮುಖ್ಯ ಕಾರಣ ಲಿಮೊನೀನ್. ಹುಳಿಹಣ್ಣುಗಳ ಸಿಪ್ಪೆಯೆಣ್ಣೆಯಲ್ಲಿ ಇದರದೇ ಪಾಲು ದೊಡ್ಡದು. ಕಿತ್ತಳೆಯದರಲ್ಲಂತೂ ನೂರಕ್ಕೆ 90ಕ್ಕೂ ಮೇಲು. ಇಂಡಿ ಲಿಂಬೆಯ ಸಿಪ್ಪೆಯನ್ನು ದೀಪದ ಹತ್ತಿರ ಮಡಚಿ ಹಿಂಡಿದರೆ ಚಿಟಪಟ ಕಿಡಿ ಹಾರುವುದು ಈ ಎಣ್ಣೆಯ ತುಂತುರಿಗೆ ಉರಿ ತಗಲಿಯೇ. ಬಲು ಹಗುರವಾದ ಈ ಅಂಶ ಮೈಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ಆರಿಸುವವರು ಆರಿಹೋಗುವ ವಾಸನೆಗೆ ದುಡ್ಡು ಕೊಟ್ಟು ಬರುತ್ತಾರೆ.

ಎರಡರ ನಿಜವಾದ ಗುಣ ಬೇರೆಯಾಗುವುದು ಆಮೇಲೆ. ಲವಂಗದ ಯೂಜಿನಾಲ್ ಗಾಢ, ಖಾರ. ದಾಲ್ಚಿನ್ನಿಯದು ಸಿಹಿ ಬೆರೆತ ಬಿಸುಪು. ಏಲಕ್ಕಿಯಲ್ಲಿ ಸಿನಿಯೋಲ್ ಇರುವುದರಿಂದ ಮಸಾಲೆಯಾದರೂ ತಂಪಿನ ಎಳೆಯೊಂದು ಉಳಿಯುತ್ತದೆ. ಇವೆಲ್ಲದರ ತಳಕ್ಕೆ ಶ್ರೀಗಂಧವೋ ಲೋಬಾನವೋ ಇದ್ದರೆ ಬಟ್ಟೆಯಲ್ಲಿ ಮರುದಿನವೂ ಘಮ ಇರುತ್ತದೆ.

ಸುಗಂಧ ಬೆರೆಸುವ ಈ ವಿದ್ಯೆ ಜತ್ತ–ವಿಜಯಪುರ ಸೀಮೆಗೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸುಗಂಧ ತಯಾರಿಕೆಗೆಂದೇ ಒಂದು ಅಧ್ಯಾಯವಿದೆ. 1580ರಿಂದ 1627ರವರೆಗೆ ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗಾಗಿ ನಿಜಾಮುದ್ದೀನ್ ಮಹಮೂದ್ ‘ಇತ್ರ್-ಇ-ನವರಸ್ ಶಾಹಿ’ ಎಂಬ ಸುಗಂಧಗ್ರಂಥವನ್ನೇ ಬರೆದ. ಅರಸನಿಗೆ ಪ್ರಿಯವಾದ ‘ನವರಸ’ ಎಂಬ ಮಾತು ಈ ಗ್ರಂಥದ ಹೆಸರಿನಲ್ಲೂ ಸೇರಿಕೊಂಡಿತು.

ಆರಿಸುವ ಕ್ರಮ ಸರಳ, ಆದರೆ ಅವಸರಕ್ಕೆ ಬಗ್ಗುವಂಥದಲ್ಲ. ಒಂದನ್ನು ಎಡ ಮುಂಗೈಗೆ, ಇನ್ನೊಂದನ್ನು ಬಲ ಮುಂಗೈಗೆ ಹಚ್ಚಬೇಕು, ತಿಕ್ಕಬಾರದು. ಹಚ್ಚಿದ ತಕ್ಷಣ, ಅರ್ಧ ತಾಸಿಗೆ, ಮೂರು ತಾಸಿಗೆ ಮೂಸಿ ನೋಡಬೇಕು. ತೀರ್ಮಾನಕ್ಕೆ ಕೊನೆಯದೇ ಮುಖ್ಯ. ಒಂದೇ ಸಲಕ್ಕೆ ನಾಲ್ಕಾರು ಸೀಸೆ ಮೂಸಿದರೆ ಮೂಗು ಮಂಕಾಗುತ್ತದೆ. ಆಗ ಹೊರಗಿನ ಗಾಳಿಗೆ ಬಂದು ನಿಲ್ಲುವುದೇ ಮದ್ದು.

ಋತುವೂ ಲೆಕ್ಕಕ್ಕೆ ಬರುತ್ತದೆ. ಅತ್ತರಿನ ವ್ಯಾಪಾರಿಗಳು ಲಾವಂಚ, ಗುಲಾಬಿ, ಕೇದಿಗೆಗಳನ್ನು ತಂಪೆಂದೂ, ಹಲವು ಮಸಾಲೆ, ಬೇರುಗಳ ಶಮಾಮಾವನ್ನು ಉಷ್ಣವೆಂದೂ ವಿಂಗಡಿಸುವುದು ಅನುಭವದ ಮಾತು. ಸಾಂಗ್ಲಿ ಜಿಲ್ಲೆಯ ಗಡಿಯಂಚಿನ ತಿಕೋಂಡಿಯಂಥ ಮಳೆನೆರಳಿನ ಊರುಗಳಲ್ಲಿ ಬೇಸಿಗೆಯ ಕಾವಿಗೆ ವಾಸನೆ ಬೇಗ ಏಳುತ್ತದೆ, ಬೇಗ ಹರಡುತ್ತದೆ. ಅಲ್ಲಿ ಚೈತ್ರ, ವೈಶಾಖಕ್ಕೆ ಏಲಕ್ಕಿಯ ಕಡೆ ವಾಲಿದ್ದು ಹಿತ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಚಳಿಗೆ ಲವಂಗ, ಶ್ರೀಗಂಧದ್ದೇ ಸೊಗಸು. ಮದುವೆಯ ಮನೆಗೆಂದು ಕೊಳ್ಳುವವರು ಜನಜಂಗುಳಿಯನ್ನೂ ಯೋಚಿಸಬೇಕು: ಇಕ್ಕಟ್ಟಿನಲ್ಲಿ ಗಾಢ ಮಸಾಲೆ ಪಕ್ಕದವರಿಗೆ ತಲೆನೋವು ತಂದೀತು.

ಕೊಂಡ ಸೀಸೆಯನ್ನು ಬೆಳಕು, ಬಿಸಿ ತಾಗದ ಕಡೆ ಇಡಬೇಕು. ಗಾಳಿಗೆ ಲಿಮೊನೀನ್ ಕೆಡುತ್ತದೆ, ಕೆಟ್ಟದ್ದು ಚರ್ಮಕ್ಕೆ ತುರಿಕೆ ತರಬಹುದು. ಹಿಂಡಿ ತೆಗೆದ ಲಿಂಬೆ, ಬರ್ಗಮಾಟ್ ಎಣ್ಣೆಗಳಿಗೆ ಇನ್ನೊಂದು ದೋಷವಿದೆ. ಅವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಹೊಲಕ್ಕೋ ಜಾತ್ರೆಗೋ ಹೊರಟವರು ಇಂಥ ಸುಗಂಧವನ್ನು ಅಂಗಿಯ ಒಳಮಡಿಕೆಗೆ ಹಚ್ಚುವುದು ಒಳಿತು. ಬಿಳಿ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಒಂದು ಹನಿ ಹಾಕಿ ಕಲೆ ಬೀಳುವುದೋ ಇಲ್ಲವೋ ನೋಡಿಕೊಳ್ಳಬೇಕು.