ದುರಸ್ತಿಯ ಬಿಲ್ಲು ಬಾಕಿಯಿದ್ದರೆ ಕಾರು ಯಾರ ವಶ?

ಮಳೆಗಾಲ ಬಂತೆಂದರೆ ಸಯನ್, ಕಿಂಗ್ಸ್ ಸರ್ಕಲ್ ಪರಿಸರದಲ್ಲಿ ನೆಲೆಸಿರುವ ನಮಗೆ ವಾಹನದ ಚಿಂತೆ ತಪ್ಪಿದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮಹಾನಗರದ ಅಸಂಖ್ಯ ವಾಹನಗಳು ನೀರಿನಲ್ಲಿ ಮುಳುಗಿದವು. ಸಯನ್‌ನಲ್ಲಿ ಕಟ್ಟಡದ ಕೆಳಗೆ ನಿಲ್ಲಿಸಿದ್ದ ನಮ್ಮ ಹಳೆಯ ಕಾರೂ ಅವುಗಳಲ್ಲೊಂದು. ಬಾಯಿಮಾತಿನ ಅಂದಾಜನ್ನು ನಂಬಿ ಅದನ್ನು ಗ್ಯಾರೇಜಿಗೆ ಒಪ್ಪಿಸಿದೆವು. ಚೌತಿಗೆ ಊರಿಗೆ ಹೋಗಲೆಂದು ಕಾರು ತರಹೋದಾಗ ಬಿಲ್ಲು ಅಂದಾಜಿನ ಇಮ್ಮಡಿಯಾಗಿತ್ತು. "ಹಣ ಕೊಡಿ, ಗಾಡಿ ಒಯ್ಯಿರಿ" ಎಂಬುದೊಂದೇ ಮಾಲಕರ ಉತ್ತರ. ಇನ್ನೊಂದು ಕೀಲಿಕೈ ನಮ್ಮ ಜೇಬಿನಲ್ಲೇ ಇತ್ತು. ನಮ್ಮ ಕಾರನ್ನು ನಾವೇ ಒಯ್ದರೆ ತಪ್ಪೇನು ಎಂದುಕೊಂಡಿದ್ದೆವು. ಬ್ಯಾಂಕಿನ ಕಾನೂನು ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ತಡೆಯದಿದ್ದರೆ ದೊಡ್ಡ ಪ್ರಮಾದವೇ ಆಗುತ್ತಿತ್ತು.

ಏಕೆಂದರೆ ಗ್ಯಾರೇಜಿನವರಿಗೆ ಕಾನೂನೇ ಒಂದು ಹಕ್ಕನ್ನು ಕೊಟ್ಟಿದೆ. ಅದಕ್ಕೆ 'ಲೀನ್' ಎಂದು ಹೆಸರು. ಹಣ ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕು ಎಂದರ್ಥ. 1872ರ ಭಾರತೀಯ ಕರಾರು ಕಾಯಿದೆಯ 170ನೇ ಕಲಮಿನ ಪ್ರಕಾರ, ತನಗೆ ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು ನ್ಯಾಯವಾದ ಪ್ರತಿಫಲ ದೊರೆಯುವವರೆಗೆ ಅದನ್ನು ತನ್ನಲ್ಲೇ ಇರಿಸಿಕೊಳ್ಳಬಹುದು. ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ವ್ಯಾಪಾರಿಯ ಉದಾಹರಣೆಯನ್ನು ಕಾಯಿದೆಯೇ ಕೊಡುತ್ತದೆ. ಇಂತಹ ವಸ್ತುವನ್ನು ಬಾಕಿ ತಪ್ಪಿಸುವ ಉದ್ದೇಶದಿಂದ ಒಡೆಯನೇ ಕದ್ದೊಯ್ದರೆ ಅದು ಕಳವು! 1860ರ ದಂಡ ಸಂಹಿತೆಯಲ್ಲಿ ಗಡಿಯಾರದ ದುರಸ್ತಿಯ ದೃಷ್ಟಾಂತದೊಂದಿಗೆ ಇದನ್ನು ವಿವರಿಸಲಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದೇ ತತ್ವವನ್ನು ಉಳಿಸಿಕೊಂಡಿದೆ.

ಹಾಗೆಂದು ಈ ಹಕ್ಕಿಗೆ ಮೇರೆಯಿಲ್ಲವೆಂದು ತಿಳಿಯಬಾರದು. ಮೊದಲನೆಯದಾಗಿ, ಇದು ಆ ವಾಹನಕ್ಕೆ ಮಾಡಿದ ಕೆಲಸದ ಹಣಕ್ಕೆ ಮಾತ್ರ ಸೀಮಿತ. ಕಳೆದ ವರ್ಷದ ಬಾಕಿಗಾಗಿ ಅಥವಾ ತಮ್ಮನ ಸ್ಕೂಟರಿನ ಬಿಲ್ಲಿಗಾಗಿ ಇಂದಿನ ಕಾರನ್ನು ತಡೆಹಿಡಿಯುವಂತಿಲ್ಲ. ಅಂತಹ ವ್ಯಾಪಕ ಹಕ್ಕನ್ನು 171ನೇ ಕಲಮು ನಮ್ಮಂತಹ ಬ್ಯಾಂಕಿನವರಿಗೂ ಇತರ ಕೆಲವೇ ವೃತ್ತಿಯವರಿಗೂ ನೀಡಿದೆ. ಉಳಿದವರಿಗೆ ಸ್ಪಷ್ಟ ಕರಾರು ಬೇಕು. ಆದ್ದರಿಂದ ಜಾಬ್ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಬಾರದು.

ಎರಡನೆಯದಾಗಿ, ಹಣ ಕೊಡಲು ಮೊದಲೇ ಕಾಲಾವಕಾಶ ಕೊಟ್ಟಿದ್ದರೆ ತಡೆಹಿಡಿಯುವ ಹಕ್ಕು ಇಲ್ಲ. ಕೋಟು ಹೊಲಿದು ಮೂರು ತಿಂಗಳ ಸಾಲ ಕೊಟ್ಟ ದರ್ಜಿ ಅದನ್ನು ಇರಿಸಿಕೊಳ್ಳುವಂತಿಲ್ಲ ಎಂಬುದು ಕಾಯಿದೆಯ ಇನ್ನೊಂದು ಉದಾಹರಣೆ. ಮೂರನೆಯದಾಗಿ, ತಡೆಹಿಡಿಯಬಹುದೇ ಹೊರತು ಈ ಹಕ್ಕಿನ ಬಲದಿಂದ ಮಾರುವಂತಿಲ್ಲ. ಒತ್ತೆಯಿಟ್ಟುಕೊಂಡವನು ಸೂಕ್ತ ನೋಟೀಸು ನೀಡಿ ಮಾರಬಹುದು. ಗ್ಯಾರೇಜಿನವನು ಬಾಕಿ ವಸೂಲಿಗೆ ನ್ಯಾಯಾಲಯಕ್ಕೇ ಹೋಗಬೇಕು. ನಾಲ್ಕನೆಯದಾಗಿ, ತನ್ನ ಸ್ವಂತ ವಸ್ತುವನ್ನು ವಿವೇಕಿಯೊಬ್ಬನು ಕಾಯುವಂತೆ ನಮ್ಮ ವಾಹನವನ್ನು ಕಾಯುವುದು ಅವನ ಕರ್ತವ್ಯ. ಅದನ್ನು ಸ್ವಂತ ಓಡಾಟಕ್ಕೆ ಬಳಸಿ ಹಾನಿಯಾದರೆ ಅವನೇ ಹೊಣೆ. ಹಾಗೆಯೇ, ಒಮ್ಮೆ ಹಣ ಪಡೆಯದೆ ಕಾರನ್ನು ಬಿಟ್ಟುಕೊಟ್ಟರೆ ಲೀನ್ ಅಲ್ಲಿಗೆ ಮುಗಿಯಿತು. ಸಾಲ ಮಾತ್ರ ಉಳಿಯುತ್ತದೆ.

ಹಾಗಾದರೆ ಬಿಲ್ಲು ಅನ್ಯಾಯವೆನಿಸಿದಾಗ ಮಾಡುವುದೇನು? ಜಗಳವಾಡುತ್ತ ದಿನ ದೂಡಿದರೆ ನಷ್ಟ ನಮಗೇ. ಕಾರು ಗ್ಯಾರೇಜಿನಲ್ಲಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಬಿಲ್ಲಿನ ಮೇಲೆಯೇ 'ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇವೆ' ಎಂದು ಬರೆದು, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಹಣ ತೆತ್ತು, ವಾಹನವನ್ನು ಬಿಡಿಸಿಕೊಳ್ಳುವುದು ಜಾಣತನ. ಅನಂತರ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿ ಎರಡು ವರ್ಷಗಳೊಳಗೆ ದಾವೆ ಹೂಡಬಹುದು.

ನಾವೂ ಹಾಗೆಯೇ ಆಕ್ಷೇಪ ಬರೆದು ಹಣ ತೆತ್ತೆವು. ಬದಲಾಯಿಸಿದ ಹಳೆಯ ಭಾಗಗಳನ್ನು ತೋರಿಸಿರೆಂದು ಕೇಳಿದಾಗ ಎರಡು ಭಾಗಗಳು ಬದಲಾಗಿಯೇ ಇರಲಿಲ್ಲವೆಂದು ತಿಳಿಯಿತು. ಅವುಗಳ ಬೆಲೆ ಮರಳಿ ಬಂತು. ಉಳಿದ ಹೆಚ್ಚುವರಿ ಕೆಲಸ ನಿಜವಾಗಿಯೂ ನಡೆದಿತ್ತು. ಬರಹದಲ್ಲಿ ಅಂದಾಜು ಪಡೆಯದಿದ್ದುದು ನಮ್ಮದೇ ತಪ್ಪು. ಆದರೆ ಆ ವೇಳೆಗೆ ಚೌತಿ ಮುಗಿದಿತ್ತು. ಊರಿನಲ್ಲಿ ಹಿರಿಯರು ನಮ್ಮ ದಾರಿ ಕಾದದ್ದೇ ಬಂತು.

ದುಡಿದವನಿಗೆ ಕೂಲಿ ಸಲ್ಲಬೇಕು, ಒಡೆಯನಿಗೆ ವಸ್ತು ಮರಳಬೇಕು. ಇವೆರಡರ ನಡುವಿನ ತಕ್ಕಡಿಯೇ ಲೀನ್. ಬರವಣಿಗೆಯಲ್ಲಿ ಅಂದಾಜು, ಹೆಚ್ಚುವರಿ ಕೆಲಸಕ್ಕೆ ಮುಂಚಿತ ಒಪ್ಪಿಗೆ, ಹಳೆಯ ಭಾಗಗಳ ಮರಳಿಕೆ: ಈ ಮೂರನ್ನು ಮರೆಯದಿದ್ದರೆ ಆ ತಕ್ಕಡಿ ವಾಲುವ ಪ್ರಸಂಗ ಬರಲಾರದು.