ಕೋಲಾರದ ನೀರಿನ ಲೆಕ್ಕ: ಕೆರೆ, ಕೊಳವೆಬಾವಿ ಮತ್ತು ಉದ್ದಿಮೆ

ಕೋಲಾರ ಜಿಲ್ಲೆಯ ವ್ಯಾಪಾರೋದ್ಯಮವೆಂದೊಡನೆ ಚಿನ್ನ, ರೇಷ್ಮೆ, ಹಾಲು ಮತ್ತು ಟೊಮೆಟೊ ನೆನಪಾಗುತ್ತವೆ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಉಳಿದ ಮೂರೂ ಬಹುಮಟ್ಟಿಗೆ ಅಂತರ್ಜಲವನ್ನೇ ನಂಬಿ ನಿಂತಿವೆ. ಆದುದರಿಂದ ಜಿಲ್ಲೆಯ ಜಲಸಂಪತ್ತಿನ ಸ್ಥಿತಿಗತಿಯು ಕೃಷಿಕರಷ್ಟೇ ವರ್ತಕರಿಗೂ ಸಂಬಂಧಿಸಿದ ವಿಷಯ. ಬೇಸಿಗೆಯಲ್ಲಿ ಬೋರು ಬತ್ತಿದರೆ ಮಂಡಿಗೆ ಬರುವ ಟೊಮೆಟೊ ಕ್ರೇಟುಗಳ ಸಂಖ್ಯೆಯೂ ಇಳಿಯುತ್ತದೆ.

ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಮಾರ್ಕಂಡೇಯ, ದಕ್ಷಿಣ ಪಿನಾಕಿನಿಗಳೆಲ್ಲ ಮಳೆ ಬಂದಾಗ ಮಾತ್ರ ಕಾಣುವ ಹೊಳೆಗಳು. ವಾರ್ಷಿಕ ಮಳೆ 700 ಮಿ.ಮೀ. ಆಸುಪಾಸು. ಇದನ್ನರಿತ ಹಿಂದಿನವರು ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವಂತೆ ಸರಣಿ ಕೆರೆಗಳನ್ನು ಕಟ್ಟಿದರು. ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರೇ ಕೋಲಾರ ಚಿನ್ನದ ಗಣಿ ಪಟ್ಟಣವನ್ನು ಪೋಷಿಸಿತು. ಇಂದು ರಾಜಕಾಲುವೆಗಳು ಒತ್ತುವರಿಯಾಗಿ, ಅಂಗಳದಲ್ಲಿ ಹೂಳು ಮತ್ತು ಜಾಲಿ ತುಂಬಿ, ಅನೇಕ ಕೆರೆಗಳು ಹೆಸರಿಗಷ್ಟೇ ಕೆರೆಗಳಾಗಿವೆ.

ಕೆರೆ ಸೊರಗಿದಂತೆ ಕೊಳವೆಬಾವಿ ಬಂತು. ಜಿಲ್ಲೆಯ ನೆಲದಡಿ ಇರುವುದು ಗಟ್ಟಿಯಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಮೇಲಿನ ಶಿಥಿಲ ಪದರ ಮತ್ತು ಅದರಡಿಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳ. ಸಾವಿರ ಅಡಿ ದಾಟಿಸಿದರೂ ಧೂಳಷ್ಟೇ ಬಂದ ಉದಾಹರಣೆಗಳಿಗೆ ಇಲ್ಲಿ ಕೊರತೆಯಿಲ್ಲ. ಮರುಪೂರಣಕ್ಕಿಂತ ಬಳಕೆಯೇ ಹೆಚ್ಚಾದುದರಿಂದ ಕೇಂದ್ರ ಅಂತರ್ಜಲ ಮಂಡಳಿಯು ಜಿಲ್ಲೆಯನ್ನು ಅತಿಬಳಕೆಯ ವರ್ಗಕ್ಕೆ ಸೇರಿಸಿದೆ. ರಾಜ್ಯದ 2011ರ ಅಂತರ್ಜಲ ಕಾಯಿದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿ ಕೊರೆಯಲು ಅನುಮತಿ ಕಡ್ಡಾಯ. ರಿಗ್ ಕರೆಸುವ ಮುನ್ನ ಸದಸ್ಯರು ಇದನ್ನು ಮರೆಯಬಾರದು.

ಗುಣಮಟ್ಟದ ಪ್ರಶ್ನೆಯೂ ಇದೆ. ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರುತ್ತದೆ. ಗಡಸು ನೀರು ಬಾಯ್ಲರಿನಲ್ಲಿ ಪೊರೆಗಟ್ಟಿ ಇಂಧನ ವೆಚ್ಚವನ್ನು ಏರಿಸುತ್ತದೆ. ಆರ್.ಒ. ಘಟಕ ಹಾಕಿದವರು ಹೊರಹೋಗುವ ಉಪ್ಪುನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು.

2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸಿ 126 ಕೆರೆ ತುಂಬಿಸುವುದು ಯೋಜನೆಯ ಗುರಿ. ಆರಂಭದಲ್ಲೇ ನೊರೆ ಕಾಣಿಸಿಕೊಂಡಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ತುಂಬಿದ ಕೆರೆಗಳ ಸುತ್ತ ಬತ್ತಿದ್ದ ಬೋರುಗಳಲ್ಲಿ ನೀರು ಮರಳಿತೆಂಬುದನ್ನೂ ಅಲ್ಲಗಳೆಯಲಾಗದು. ಎರಡನೆಯ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು. ಇಲ್ಲಿನ ತರಕಾರಿ ಹೊರರಾಜ್ಯಗಳಿಗೆ ಹೋಗುವುದರಿಂದ ವರ್ತಕ ಸಮುದಾಯವೂ ಆ ಬೇಡಿಕೆಗೆ ದನಿಗೂಡಿಸಬೇಕೆಂಬುದು ಈ ಲೇಖಕನ ಅಭಿಪ್ರಾಯ; ಸರಕಿನ ಹೆಸರು ಒಮ್ಮೆ ಕೆಟ್ಟರೆ ಬೆಲೆ ಮೇಲೇಳುವುದು ಕಷ್ಟ. ಮಾರ್ಕಂಡೇಯ ನದಿಯ ಯರಗೋಳ ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಯಿತು. ಅದು ಕುಡಿಯುವ ನೀರಿಗೆ ಮೀಸಲು. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರಲ್ಲಿ ಚಾಲನೆ ದೊರೆತಿದೆಯಾದರೂ ಅದನ್ನೇ ನಂಬಿ ಕಾರ್ಖಾನೆಯ ಆಯವ್ಯಯ ಹಾಕುವಂತಿಲ್ಲ.

ನಮ್ಮ ಕೈಯಲ್ಲಿರುವುದು ಚಾವಣಿಯ ನೀರು. ಸಾವಿರ ಚದರ ಮೀಟರಿನ ಶೀಟು ಚಾವಣಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ ಏಳು ಲಕ್ಷ ಲೀಟರ್. ಐದರಲ್ಲೊಂದು ಪಾಲು ನಷ್ಟವೆಂದು ಕಳೆದರೂ 5.6 ಲಕ್ಷ ಲೀಟರ್ ಉಳಿಯುತ್ತದೆ; ಎಂದರೆ ಐದು ಸಾವಿರ ಲೀಟರಿನ 112 ಟ್ಯಾಂಕರ್. ಕಳೆದ ಬೇಸಿಗೆಯಲ್ಲಿ ತಾವು ಟ್ಯಾಂಕರಿಗೆ ತೆತ್ತ ಬಿಲ್ಲುಗಳನ್ನು ಪಕ್ಕದಲ್ಲಿಟ್ಟು, ತೊಟ್ಟಿ ಮತ್ತು ಶೋಧಕಕ್ಕೆ ತಗಲುವ ವೆಚ್ಚ ಎಷ್ಟು ವರ್ಷದಲ್ಲಿ ತೀರುವುದೆಂದು ಪ್ರತಿಯೊಬ್ಬ ಸದಸ್ಯರೂ ಲೆಕ್ಕ ಹಾಕಿ ನೋಡಬಹುದು.