ಮಾವನ ದವಡೆಗೆ ಕಾಲಿನ ಮೂಳೆ

ಸೋದರಮಾವ ತುತ್ತು ಚಿಕ್ಕದು ಮಾಡ್ತಾ ಬಂದಿದ್ದು ಮನೇಲಿ ಯಾರ ಕಣ್ಣಿಗೂ ಬೀಳಲಿಲ್ಲ. ಖಾರ ಉರಿಯುತ್ತೆ ಅಂತಿದ್ರು, ಅಷ್ಟೇ. ಡಾಕ್ಟರು ಮೂರು ಬೆರಳು ಸೇರಿಸಿ ಉದ್ದಕ್ಕೆ ಬಾಯೊಳಗೆ ಇಡೋಕೆ ಹೇಳಿದಾಗ ಒಂದೂವರೆ ಮಾತ್ರ ಹಿಡಿಸಿತು. ಅಡಿಕೆ ಜಗಿದೂ ಜಗಿದೂ ಕೆನ್ನೆಯ ಒಳಪದರ ಬಿಗಿದುಹೋಗಿತ್ತು. ಕೆಳಗಿನ ಒಸಡಲ್ಲಿ ವಾಸಿಯಾಗದ ಹುಣ್ಣು. ಬಯಾಪ್ಸಿ ಮಾಡಿದ್ರೆ ಕ್ಯಾನ್ಸರ್.

"ನಾನು ತಂಬಾಕು ಮುಟ್ಟಿದೋನೇ ಅಲ್ಲ" ಅಂದ್ರು ಮಾವ. ನಿಜ. ಆದರೆ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ತೋಟದ ಮನೆಯವಳಾಗಿ ಇದನ್ನು ಬರೆಯೋದು ನಂಗೂ ಕಷ್ಟ.

ದವಡೆಯ ತುಂಡು ತೆಗೀಬೇಕು ಅಂದಾಗ ಅತ್ತೆ ಕೇಳಿದ್ದು, "ಮುಖ ಹೀಗೇ ಇರುತ್ತಾ?" ಕಾಲಿನಿಂದ ಮೂಳೆ ತರ್ತೀವಿ ಅಂದ್ರು. ಮಂಡಿಯ ಕೆಳಗೆ ಎರಡು ಮೂಳೆ. ಹೊರಬದಿಯ ತೆಳ್ಳಗಿನದು ಫಿಬುಲಾ, ಅದು ಹೊರೋ ಭಾರ ಕಡಿಮೆ. ಎರಡೂ ತುದಿ ಉಳಿಸಿ, ನಡುವಿನದನ್ನು ರಕ್ತನಾಳ, ಚರ್ಮದ ಸಮೇತ ತೆಗೆದು, ದವಡೆಯ ಬಾಗಿಗೆ ಕತ್ತರಿಸಿ ಪ್ಲೇಟಿಗೆ ಕೂರಿಸ್ತಾರೆ. ನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಕತ್ತಿನ ನಾಳಗಳಿಗೆ ಹೊಲೀತಾರೆ. ದವಡೆಗೆ ಈ ವಿಧಾನವನ್ನು 1989ರಲ್ಲಿ ಪ್ರಕಟಿಸಿದವರು ಅಮೆರಿಕದ ಸರ್ಜನ್ ಡೇವಿಡ್ ಹಿಡಾಲ್ಗೊ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಎಲ್ಲ ಹಾಳು. ಅದಕ್ಕೇ ನರ್ಸ್ ಗಂಟೆಗೊಮ್ಮೆ ಬಂದು ಬಾಯೊಳಗಿನ ಕಾಲಿನ ಚರ್ಮದ ಬಣ್ಣ ನೋಡ್ತಿದ್ರು.

ಮಾವ ಈಗ ಕೋಲಿಲ್ಲದೆ ತೋಟಕ್ಕೆ ಹೋಗ್ತಾರೆ. ಹಲ್ಲು ಕೂರಿಸೋದು ಬಾಕಿ, ಅಲ್ಲೀವರೆಗೆ ಮೆತ್ತಗಿನ ಅನ್ನ.

ಮೊನ್ನೆ ನನ್ನ ಗಂಡನ ಬಾಯಿ ತೆರೆಸಿ ನೋಡಿದೆ. ಊಟದ ಮೇಲೆ ಸಿಹಿ ಅಡಿಕೆ ಪೌಚ್ ಹರಿಯೋ ಅಭ್ಯಾಸ ಅವರದ್ದು. ಮೂರು ಬೆರಳು ಸಲೀಸಾಗಿ ಹೋಯ್ತು. ಪೌಚ್ ಮಾತ್ರ ಇನ್ನೂ ಲ್ಯಾಪ್‌ಟಾಪ್ ಬ್ಯಾಗಲ್ಲೇ ಇದೆ.